ನಡಾವಳಿಯಲ್ಲಿ ಇಲ್ಲದ್ದು

ಐಡಹೋದ ಈ ಆಲೂಗಡ್ಡೆ ಸೀಮೆಯಲ್ಲಿ, ನಮ್ಮ ಚರ್ಚಿನಲ್ಲಿ,
ಸಂಬಳದ ಪಾದ್ರಿಯಿಲ್ಲ. ಸರದಿ ಬಂದವರು ಎದ್ದು ಮಾತಾಡುತ್ತಾರೆ.
ನಾನು ಗುಮಾಸ್ತ. ಮೂಲೆಯ ಮೇಜಿಗೆ ಕೂತು
ತಲೆ ಎಣಿಸುತ್ತೇನೆ, ಬರೆದುಕೊಳ್ಳುತ್ತೇನೆ:
ಮೊದಲ ಹಾಡು, ಪ್ರಾರ್ಥನೆ ಯಾರದು, ರೊಟ್ಟಿ ಮುರಿದವರು ಯಾರು,
ಯಾರು ಎಷ್ಟು ನಿಮಿಷ ಏನು ಹೇಳಿದರು.

ಜನವರಿಯಿಂದ ಹೊಸ ಕಟ್ಟಳೆ.
ಪೀಠದಲ್ಲಿ ನಿಂತು ಕಂಪನಿಗಳ ಹೆಸರೆತ್ತಬಾರದು.
ಬಿಷಪ್ಪರ ಸಲಹೆಗಾರ ವೆಂಡೆಲ್ ಸೋರೆನ್ಸನ್ ಓದಿ ಹೇಳಿದ,
ಇದು ದೇವರ ಮನೆ, ಸಂತೆಯಲ್ಲ, ಎಂದ.
ಅವನ ಟೈಯ ಬೆನ್ನಿಗೆ ಅಂಟಿದ್ದ ಚೀಟಿ
ಹೀಟರಿನ ಗಾಳಿಗೆ ಮಗುಚಿ ಮಗುಚಿ
ತನ್ನ ಹೆಸರು ತಾನೇ ತೋರಿಸಿಕೊಳ್ಳುತ್ತಿತ್ತು.

ಅಂದಿನಿಂದ ನಮ್ಮ ಮಾತುಗಳೆಲ್ಲ
ಗಂಡನ ಹೆಸರು ಹೇಳದ ಹಳೆಗಾಲದ ಹೆಂಗಸರ ಹಾಗೆ
ಸುತ್ತಿ ಬಳಸಿ ನಡೆಯತೊಡಗಿದವು.
"ಕೆಂಪು ಡಬ್ಬಿಯ ಒಂದು ತಂಪು ಪಾನೀಯ" ಎಂದ ಒಬ್ಬ;
ನೂರಾ ನಲವತ್ತೆರಡು ಗಂಟಲು ಒಮ್ಮೆಲೇ ಒಣಗಿದವು.
"ಒಂದು ದುಬಾರಿ ಬೂಟು" ಎಂದಳು ಇನ್ನೊಬ್ಬಳು;
ನೀರಿನ ತಟ್ಟೆ ಹಂಚುವ ಹುಡುಗ,
ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ,
ಕಾಲೆರಡನ್ನೂ ಬೆಂಚಿನಡಿಗೆ ಎಳೆದುಕೊಂಡ.
ಮಕ್ಕಳ ಪಾಠದಲ್ಲಿ ಜನೀಲ್ ಟೀಚರು,
ಮುಖ್ಯವಾದದ್ದು ಒಳಗಿರುತ್ತದೆ ಎಂದು ತಿಳಿಸಲು ಹೋಗಿ,
"ದುಂಡಗೆ, ಕಪ್ಪಗೆ, ನಡುವೆ ಬಿಳಿ ಕೆನೆಯ ಒಂದು ಬಿಸ್ಕತ್ತು..."
ಓರಿಯೋ! ಹನ್ನೊಂದು ಬಾಯಿ ಒಟ್ಟಿಗೆ.
ಆಮೆನ್ ಕೂಡ ನಮ್ಮಲ್ಲಿ
ಇಷ್ಟು ಒಕ್ಕೊರಲಿನಿಂದ ಬಂದದ್ದು ನಾನು ಕೇಳಿಲ್ಲ.

ನನಗೊಂದು ಅನುಮಾನ, ಯಾರಿಗೂ ಹೇಳಿಲ್ಲ.
ಓಫೀರಿನ ಚಿನ್ನ, ಗಿಲ್ಯಾದಿನ ಮುಲಾಮು, ಲೆಬನೋನಿನ ದೇವದಾರು,
ಇವೆಲ್ಲ ಆ ಕಾಲದ ಅಂಗಡಿ ಹಲಗೆಗಳಲ್ಲವೆ?
ಬರೀ "ಒಳ್ಳೆಯ ಮರ" ಎಂದು ಬರೆದಿದ್ದರೆ
ಸೊಲೊಮೋನನ ದೇವಾಲಯದ ಪರಿಮಳ
ಇಲ್ಲಿಯ ತನಕ ಬರುತ್ತಿತ್ತೆ?

ಮಾರ್ಚಿನ ಎರಡನೆಯ ಭಾನುವಾರ ಆರ್ವಿಲ್ಲಾ ಟಿಂಗಿಯ ಸರದಿ.
ಎಂಬತ್ತಮೂರು ವರ್ಷ. ವಿಷಯ ದಯೆ. ಹತ್ತು ನಿಮಿಷ.
ಮೈಕನ್ನು ಅವಳ ಎತ್ತರಕ್ಕೆ ಬಗ್ಗಿಸಬೇಕಾಯಿತು.
"ನನ್ನ ಗಂಡ ಲವಾರ್ ಬಟ್ಟೆ ಒಗೆಯುವ ಯಂತ್ರ ರಿಪೇರಿ ಮಾಡುತ್ತಿದ್ದ,
ಒಂದು... ಒಂದು ಕಂಪನಿಗೆ" ಎಂದು ತಿರುಗಿ ನೋಡಿದಳು.
ವೆಂಡೆಲ್ ಮೆಚ್ಚಿ ತಲೆದೂಗಿದ.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ, ಹಿಮ, ಒಂಬತ್ತಕ್ಕೆ ಫೋನು.
ಆರು ಮಕ್ಕಳ ತಾಯಿ, ಆರಕ್ಕೂ ವಾಂತಿ, ಯಂತ್ರ ತಿರುಗುತ್ತಿಲ್ಲ.
ಲವಾರ್ ಹೋದ. ಬಂದಾಗ ಬೆಳಗಿನ ಜಾವ ಮೂರು.
ಬಿಲ್ಲು ಬರೆಯಲಿಲ್ಲ.
"ಆ ಮಕ್ಕಳಿಗೆ ಅವನ ಹೆಸರು ಗೊತ್ತಿರಲಿಲ್ಲ.
ಕಿಟಕಿಗೆ ಮೂಗೊತ್ತಿ ಕೂಗಿದ್ದು ಇಷ್ಟೇ,
ಅಮ್ಮಾ, ಬಂದ, ಬಂದ,"

ಅಲ್ಲಿ ನಿಂತಳು.
ಯಾರದೋ ಮಗು ಬೆಂಚಿನ ಮೇಲೆ ಕಾರು ಓಡಿಸುತ್ತಿತ್ತು.

"ಅವನ ಅಂಗಿಯ ಜೇಬಿನ ಮೇಲೆ ನೀಲಿ ದಾರದಲ್ಲಿ ಇತ್ತು ಅದು.
ಮೂವತ್ತೊಂದು ವರ್ಷ ಒಗೆದಿದ್ದೇನೆ,
ದಾರ ಬಿಟ್ಟಲ್ಲಿ ನಾನೇ ಹೊಲಿದಿದ್ದೇನೆ.
ಊರು ಅವನನ್ನು ಕರೆದದ್ದೇ ಅದರಿಂದ.
ಅದನ್ನು ಬಿಟ್ಟು ಅವನನ್ನು ಹೇಗೆ ಹೇಳಲಿ,
ಬ್ರದರ್ ಸೋರೆನ್ಸನ್? ಅವತ್ತು ನೀನೂ ಕೂಗಿದ್ದೆ."

ವೆಂಡೆಲ್ ಕೆಳಗೆ ನೋಡಿದ. ಐವತ್ತೆಂಟರ ಮನುಷ್ಯ.
ಆಮೇಲೆ, ಮೈಕಿಲ್ಲದೆ, ತನ್ನ ಮೊಣಕಾಲಿಗೆ ಹೇಳುವ ಹಾಗೆ
ಆ ಹೆಸರು ಹೇಳಿದ,
ನಡುವಿನ ಅಕ್ಷರ ನುಂಗಿ,
ಹಲ್ಲು ಬಿದ್ದ ಮಕ್ಕಳು ಹೇಳುವ ಹಾಗೆ.

ನಾನು ಬರೆದದ್ದು: ಆರ್ವಿಲ್ಲಾ ಟಿಂಗಿ, ದಯೆ, ಹದಿನಾಲ್ಕು ನಿಮಿಷ.
ಮುಕ್ತಾಯದ ಹಾಡಿನ ಸಂಖ್ಯೆ ಬರೆಯುವುದು ಮರೆತಿದ್ದೇನೆ;
ಆ ಜಾಗ ಇನ್ನೂ ಖಾಲಿಯಿದೆ.